ಜಾಲಿ ತಗೊಂಡು ಬಾ

ನಮ್ಮ ಮನೆಯ ಅಟ್ಟದ ಮೇಲೆ ಒಂದು ಕಪ್ಪು ಪೆಟ್ಟಿಗೆ ಇದೆ. ತೆರೆದರೆ ಒಳಗೆ ಮೆತ್ತನೆಯ ಸ್ಪಂಜು, ಸ್ಪಂಜಿನಲ್ಲಿ ಒಂದೊಂದು ಸಾಮಾನಿಗೂ ಅದರದೇ ಆಕಾರದ ತಗ್ಗು. ಇಕ್ಕಳಕ್ಕೆ ಒಂದು, ಮಾಂಸ ಪೋಣಿಸುವ ಸಲಾಕೆಗಳಿಗೆ ಒಂದು, ಹಿತ್ತಾಳೆ ಕೂದಲಿನ ಬ್ರಶ್ಶಿಗೆ ಒಂದು. ಹೊಟ್ಟೆಯಲ್ಲಿರುವ ಕೂಸುಗಳ ಹಾಗೆ ಎಲ್ಲವೂ ಮಗ್ಗುಲಾಗಿ ಮಲಗಿರುತ್ತವೆ. ಮೊನ್ನೆ ಹಬ್ಬಕ್ಕೆಂದು ಅಟ್ಟ ಗುಡಿಸಲು ಏಣಿ ಹತ್ತಿದವನು ಪೆಟ್ಟಿಗೆ ತೆರೆದು ನೋಡಿದೆ. ಉದ್ದ ಹಿಡಿಕೆಯ, ಎರಡು ಹಲ್ಲಿನ ಫೋರ್ಕು ಇರಬೇಕಾದ ತಗ್ಗು ಖಾಲಿ ಇತ್ತು.

"ಏನ್ ಮಾಡಾಕತ್ತೀರಿ ಮ್ಯಾಲ? ಏಣಿ ಹಿಡದು ನನ್ನ ಕೈ ಬಿದ್ದು ಹೋದ್ವು," ಎಂದಳು ಕೆಳಗಿನಿಂದ ಸುಜಾತಾ, ನನ್ನ ಹೆಂಡತಿ.

"ಫೋರ್ಕ್ ಎಲ್ಲಿ?"

"ಯಾವ ಫೋರ್ಕು?"

"ನೀ ತರಿಸಿದ್ದಲ್ಲ, ಬಾರ್ಬೆಕ್ಯೂದು."

"ನಾ ಏನು ಅದರಾಗ ಉಪ್ಪಿಟ್ಟು ತಿಂತೀನಾ? ನೀವೇ ಎಲ್ಲ್ಯಾರ ಇಟ್ಟಿರಬೇಕು. ನೀವು ಇಡದ ಜಾಗಾನೇ ಇಲ್ಲ ಈ ಮನ್ಯಾಗ."

ಇದು ನಿಜ. ಹಾಗಾಗಿ ವಾದ ಬೆಳೆಸಲಿಲ್ಲ. ಏಣಿಯ ಮೇಲೆಯೇ ಕುಳಿತು ಆ ಖಾಲಿ ತಗ್ಗನ್ನು ನೋಡುತ್ತಿದ್ದೆ. ಕೆಂಡದ ಮೇಲೆ ಅಡುಗೆ ಮಾಡುವ ಹವ್ಯಾಸ ಈಗ ರಾಯಚೂರಿನ ಮಾಳಿಗೆಗಳಿಗೂ ಬಂದಿದೆ. ಬಂದಿದೆ ಎನ್ನುವುದೂ ತಪ್ಪೇ. ಈ ಊರಿನ ಬೀದಿಗಳಲ್ಲಿ ಸಂಜೆಯಾದರೆ ಕಬಾಬಿನ ಹೊಗೆ ಏಳುವುದನ್ನು ನಮ್ಮ ಅಜ್ಜಂದಿರೂ ಕಂಡಿದ್ದರು. ಈಗ ಬಂದಿರುವುದು ಅದರ ಇಂಗ್ಲಿಷ್ ಹೆಸರು ಮತ್ತು ಈ ಪೆಟ್ಟಿಗೆ. ಕಾಲೇಜಿನ ಗೆಳೆಯರು ಆಗಾಗ ಕೇಳುತ್ತಾರೆ, ಈ ಸಾಮಾನುಗಳನ್ನು ಕೊಳ್ಳುವುದು ಒಳ್ಳೆಯದೋ, ನಾವೇ ಮಾಡಿಕೊಳ್ಳುವುದು ಒಳ್ಳೆಯದೋ ಎಂದು. ನಾನು ಭೌತಶಾಸ್ತ್ರ ಕಲಿಸುವವನಾದ್ದರಿಂದ ಉಷ್ಣದ ವಿಷಯ ನನಗೆ ಗೊತ್ತಿರುತ್ತದೆಂಬುದು ಅವರ ನಂಬಿಕೆ. ಎರಡನ್ನೂ ಮಾಡಿ ನೋಡಿದ್ದೇನೆ. ಆದರೆ ನನ್ನ ಸೋದರಮಾವನ ಕಣ್ಣಿನ ವಿಷಯ ಹೇಳದೆ ಉತ್ತರ ಹೇಳಲು ಬರುವುದಿಲ್ಲ.

ಹನುಮಂತ ಮಾಮ ಮಾನ್ವಿ ತಾಲೂಕಿನ ಚೀಕಲಪರ್ವಿಯವನು. ಹೊಲ, ಕುರಿ, ಎದುರಿಗೆ ತುಂಗಭದ್ರೆ. ಪ್ರಾಯದಲ್ಲಿ ಕುರಿ ಕಾಯುವಾಗ ಜಾಲಿಯ ಟೊಂಗೆಯೊಂದು ರಪ್ಪನೆ ಮುಖಕ್ಕೆ ಬಡಿದು ಮುಳ್ಳು ಚುಚ್ಚಿ ಎಡಗಣ್ಣು ಹೋಯಿತು. ಉಳಿದದ್ದು ಬಲಗಣ್ಣು. ಅದಕ್ಕೆ ಈಗ ಪೊರೆ ಬಂದಿತ್ತು. ಒಮ್ಮೆ ಆಪರೇಶನ್ನಿಗೆಂದು ಬಂದವನು ಆಸ್ಪತ್ರೆಯ ಸಾಲಿನಿಂದಲೇ ಎದ್ದು ಊರಿನ ಬಸ್ಸು ಹತ್ತಿದ್ದ. ಎರಡು ಕಣ್ಣಿದ್ದವರು ಒಂದನ್ನು ಡಾಕ್ಟರ ಕೈಗೆ ಕೊಡಬಹುದು, ಇರುವುದೇ ಒಂದಾದರೆ ಹೇಗೆ ಕೊಡುವುದು ಎಂಬುದು ಅವನ ಪ್ರಶ್ನೆ. ಸುಮ್ಮನಿದ್ದರೆ ಆ ಕಣ್ಣೂ ಹೋಗುತ್ತದೆ ಎಂದಷ್ಟೇ ಹೇಳಿ, ಈ ಸಲ ನಮ್ಮ ಮನೆಯಲ್ಲೇ ಇರಿಸಿಕೊಂಡೆವು.

ಡಾಕ್ಟರು ನೋಡಿ, "ಶುಗರ್ ಏರಿಳಿತ ಆಗಾಕತ್ತದ. ಹೊತ್ತಿಗೆ ಸರಿಯಾಗಿ ಊಟ, ಗುಳಗಿ ಆಗ್ಲಿ. ಒಂದ್ ಹದಕ್ಕ ಬಂದ್ರ ಮಾಡೋಣು," ಎಂದರು. ಮಾಮ ಗುಳಿಗೆ ನುಂಗುತ್ತಿದ್ದ. ಊಟ ಮಾತ್ರ ಒಲ್ಲೆ. ಸುಜಾತಾ ರೊಟ್ಟಿ ಮಾಡಿದರೆ ಮುರಿದು ಮೂಸಿ ನೋಡುತ್ತಿದ್ದ. ಪಲ್ಲೆಯನ್ನು ಬೆರಳ ತುದಿಗೆ ಹಚ್ಚಿ ನಾಲಿಗೆಗಿಟ್ಟು ತಟ್ಟೆ ಸರಿಸುತ್ತಿದ್ದ.

"ಯವ್ವಾ, ನೀ ಬೇಸರ ಮಾಡ್ಕೋಬ್ಯಾಡ. ನಿನ್ನ ಕೈ ಬೇಷಿ ಅದ. ಈ ಗ್ಯಾಸಿಂದು ನನಗ ಸೇರವಲ್ದು. ಕಾಣಸಂಗಿಲ್ಲ, ವಾಸನಿನೂ ಇಲ್ಲ, ಏನ್ ತಿನ್ನಾಕತ್ತೀನಿ ಅಂತ ಗೊತ್ತಾಗಬಾರದೇನು? ನಾಳಿ ಮುಂಜಾನಿ ಬಸ್ಸಿಗಿ ಹೋಗತೀನಿ."

"ಹಂಗಂದ್ರ ಹೆಂಗ್ರಿ ಮಾಮಾ? ಏನ್ ಮಾಡಿದ್ರ ಉಣ್ತೀರಿ ಹೇಳ್ರಿ, ಅದನ್ನ ಮಾಡ್ತೀನಿ."

ಅವನು ತಟ್ಟೆಯ ಅಂಚು ತಡವುತ್ತ, "ಒಂದ್ ಸುಟ್ಟ ಮೀನ ಇದ್ರ ನೋಡು," ಎಂದ.

ಆ ಮಾತು ಕೇಳಿದ್ದೇ ನನಗೆ ಹುರುಪು ಬಂತು. ಏಕೆಂದರೆ ಆ ಸುಟ್ಟ ಮೀನು ನನಗೆ ಗೊತ್ತು. ಚೀಕಲಪರ್ವಿಯ ಹೊಳೆದಂಡೆ, ಹುಣಸೆ ಮರದ ಕೆಳಗೆ ಮೂರು ಕಲ್ಲು. ಕಲ್ಲುಗಳ ಮೇಲೆ, ಹಳೆಯ ಸೈಕಲ್ ಚಕ್ರದ ಕಡ್ಡಿಗಳನ್ನು ಸಾಲಾಗಿ ಜೋಡಿಸಿ ತಂತಿಯಿಂದ ಬಿಗಿದ ಜಾಲಿ. ಜಾಲಿಯ ಮೇಲೆ ಮೀನು. ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕುಳಿತು, ಒಂದೇ ಕಣ್ಣನ್ನು ಹೊಗೆಯಿಂದ ಅತ್ತ ತಿರುಗಿಸಿಕೊಂಡು ಮೀನು ಮಗುಚುತ್ತಿದ್ದ ಹನುಮಂತ ಮಾಮ. ಬೇಸಿಗೆ ರಜೆ. ಮೀನಿನ ಜೊತೆ ಬಾಯಿಗೆ ಬರುತ್ತಿದ್ದ ತುಸು ತುಕ್ಕಿನ ರುಚಿ.

ಬೇಸಿಗೆ ರಜೆ ಎಂದೆ. ಹೊಳೆಯಲ್ಲಿ ನೀರು ತುಂಬಿದ್ದೂ ನೆನಪಿದೆ, ಹಾಗಾಗಿ ಬೇಸಿಗೆ ಇರಲಾರದು. ಹುಣಸೆ ಮರ ಬೇರೆ ಯಾರದೋ ಊರಿನದು ಇರಬಹುದು. ಈ ಚಿತ್ರವನ್ನು ನಾನು ಎಷ್ಟೋ ಜನರಿಗೆ ಹೇಳಿದ್ದೇನೆ, ಹೇಳಿದಾಗಲೆಲ್ಲ ಅದು ಇನ್ನಷ್ಟು ಚೊಕ್ಕಟವಾಗಿದೆ. ಇಷ್ಟು ಚೊಕ್ಕಟವಾದದ್ದನ್ನು ಅನುಮಾನಿಸಬೇಕು. ಆದರೆ ಆ ದಿನ ಅನುಮಾನಕ್ಕೆ ಪುರುಸೊತ್ತಿರಲಿಲ್ಲ.

"ಆನ್‌ಲೈನ್‌ನಾಗ ಸೆಟ್ ಸಿಗತದ, ತರಸೋಣು," ಎಂದಳು ಸುಜಾತಾ.

"ಬ್ಯಾಡ. ನಾನೇ ಮಾಡ್ತೀನಿ. ಸೈಕಲ್ ಕಡ್ಡೀದು."

"ನೀವಾ?" ಎಂದಳು. ಆ ಎರಡು ಅಕ್ಷರಗಳನ್ನು ಅವಳು ಎಳೆದ ರೀತಿಯಲ್ಲಿ ನಮ್ಮ ದಾಂಪತ್ಯದ ಪೂರ್ತಿ ಇತಿಹಾಸ ಇತ್ತು.

ಸೈಕಲ್ ಅಂಗಡಿಯಲ್ಲಿ ಕಡ್ಡಿ ಸಿಕ್ಕವು. ಮನೆಗೆ ತಂದು ಒಲೆಯ ಮೇಲೆ ಕಾಯಿಸಿ ನೋಡಿದರೆ ಮೇಲಿನ ಹೊಳಪಿನ ಲೇಪ ಕಪ್ಪಿಟ್ಟು ಕೆಟ್ಟ ವಾಸನೆ ಬಂತು. ಅದನ್ನು ಬಿಟ್ಟೆ. ಸುಜಾತಾಳ ಹಳೆಯ ಕೊಡೆ ಬಿಚ್ಚಿ ಕಡ್ಡಿ ತೆಗೆದೆ. ರಾಯಚೂರಿನಲ್ಲಿ ಕೊಡೆ ಇರುವುದು ಬಿಸಿಲಿಗೆ, ಆದರೆ ಅದರ ಕಡ್ಡಿಗಳು ಕೆಂಡದ ಬಿಸಿ ತಡೆಯಲಿಲ್ಲ. ಆಲೂಗಡ್ಡೆಯ ಭಾರಕ್ಕೇ ನಮಸ್ಕಾರ ಮಾಡಿದವು. ಕೊನೆಗೆ ಟೇಬಲ್ ಫ್ಯಾನಿನ ಮುಂದಿನ ಕವಚ ಕಣ್ಣಿಗೆ ಬಿತ್ತು. ದುಂಡಗೆ, ಗಟ್ಟಿ ತಂತಿಯದು, ಕಡ್ಡಿಗಳ ಅಂತರ ಮೀನಿಗೆ ಹೇಳಿ ಮಾಡಿಸಿದ ಹಾಗೆ. ಮಾಳಿಗೆಯಲ್ಲಿ ಇದ್ದಿಲು ಹಚ್ಚಿ ಅದನ್ನು ಮೇಲಿಟ್ಟೆ. ಬಣ್ಣ ಬೊಬ್ಬೆ ಎದ್ದು, ಹನಿಯಾಗಿ ಸುರಿಯತೊಡಗಿತು. ಹಳದಿ ಹೊಗೆ.

ಕೆಳಗಿನಿಂದ ಮಾಮ ಕೂಗಿದ: "ಲೇ ಅಳಿಯಾ, ಯಾರ ಮನಿ ಸುಡಾಕತ್ತದ ನೋಡು!"

"ನಮ್ಮದ ರಿ ಮಾಮಾ," ಎಂದಳು ಸುಜಾತಾ. "ನಿಮ್ಮ ಅಳಿಯಾರು ಫ್ಯಾನ್ ಸುಡಾಕತ್ತಾರ. ಮಸಾಲಿ ಹಚ್ಚಿಲ್ಲ ಇನ್ನಾ."

ಅಂದಿನಿಂದ ಆ ಫ್ಯಾನು ಕವಚವಿಲ್ಲದೆ, ಹಲ್ಲು ಕಿಸಿದುಕೊಂಡು ತಿರುಗುತ್ತಿದೆ. ಮಾಮ ಅಂದೂ ಚಹಾ ಬಿಸ್ಕೀಟಿನ ಮೇಲೆಯೇ ಮಲಗಿದ. ಮಲಗುವ ಮುಂಚೆ ತನ್ನ ಚೀಲವನ್ನು ತಡವಿ ತಡವಿ ತುಂಬಿ ಬಾಗಿಲ ಬಳಿ ಇಟ್ಟುಕೊಂಡ. ಅದನ್ನು ನೋಡಿ ನನಗೆ ಗಾಬರಿಯಾಯಿತು. ಈ ಸಲ ಊರಿಗೆ ಹೋದರೆ ಅವನು ಮತ್ತೆ ಬರುವವನಲ್ಲ.

ಒಂದು ದಿನ ತಡಿ ಎಂದು ಅವನ ಕೈಕಾಲು ಹಿಡಿದು, ದೇವದುರ್ಗಕ್ಕೆ ಫೋನ್ ಮಾಡಿದೆ. ಅಲ್ಲಿ ಮಾಮನ ಮಗಳು ಲಕ್ಷ್ಮಿ ಮತ್ತು ಅವಳ ಗಂಡ ಯಂಕಪ್ಪ ಇದ್ದಾರೆ. ಯಂಕಪ್ಪನದು ಸರಕಿನ ಆಟೊ. ಅವನು ಗಾಡಿ ನಿಲ್ಲಿಸುವ ಜಾಗದ ಪಕ್ಕದಲ್ಲೇ ಸಾಲು ವೆಲ್ಡಿಂಗ್ ಅಂಗಡಿಗಳು. ಹೊಸದೊಂದು ಜಾಲಿಯನ್ನು ಅಲ್ಲಿಂದಲೇ ತರಿಸಿದರೆ ಮುಗಿಯಿತು ಎಂದುಕೊಂಡೆ.

"ಯಂಕಪ್ಪಾ, ನಾಳಿ ರಾಯಚೂರಿಗಿ ಬರೋದದ ಏನು?"

"ಅದ ರೀ ಅಣ್ಣಾ, ಅಲ್ಲಿಂದ ಸರಕ ತರೋದದ. ಯಾಕ್ರಿ?"

"ಹಂಗಾದ್ರ ಬರೋವಾಗ ಜಾಲಿ ತಗೊಂಡ್ ಬಾ. ಮಾಮಗ ಮೀನ ಸುಡಾಕ."

"ಜಾಲೀನಾ? ರಾಯಚೂರಾಗ ಸಿಗಂಗಿಲ್ಲೇನ್ರಿ?"

"ಸಿಗತದ, ಎಲ್ಲಾ ತೆಳ್ಳನ್ನು. ನನಗ ಗಟ್ಟೀದು ಬೇಕು. ಒಂದ್ ಮೊಳ ಉದ್ದ ಇದ್ರ ಸಾಕು."

"ಅಷ್ಟ ಹೌದಿಲ್ಲೋ? ಸಾಕಾಗೋ ಅಷ್ಟ ತರತೀನಿ ಬಿಡ್ರಿ."

ಮರುದಿನ ಊಟದ ಹೊತ್ತಿಗೆ ಆಟೊ ಬಂದು ಮನೆ ಮುಂದೆ ನಿಂತಿತು. ಯಂಕಪ್ಪ ಇಳಿದು ಲುಂಗಿ ಮೇಲಕ್ಕೆ ಕಟ್ಟಿಕೊಂಡ.

"ಅಣ್ಣಾ, ಜಾಲಿ ಎಲ್ಲಿ ಇಳಸ್ಲಿ?"

"ಇಳಸೋದೇನು? ಕೈಯಾಗ ಹಿಡಕೊಂಡ್ ಬಾ."

"ಕೈಯಾಗ ಹಿಡಿಯಾಕ ಬರಂಗಿಲ್ರಿ. ಮುಳ್ಳದಾವ."

ಗಾಡಿಯ ಹಿಂಭಾಗದ ಬಾಗಿಲು ತೆಗೆದ. ಒಣಗಿದ ಬಳ್ಳಾರಿ ಜಾಲಿಯ ಬೊಡ್ಡೆಗಳು, ಒಂದೊಂದು ಮೊಳ ಉದ್ದಕ್ಕೆ ಕಡಿದು, ಹಗ್ಗ ಬಿಗಿದು, ಗಾಡಿ ತುಂಬ.

ತಪ್ಪು ಅವನದಲ್ಲ. ನಮ್ಮ ಕಡೆ ಬದುವಿನ ಮೇಲಿನ ಮುಳ್ಳಿನ ಮರವೂ ಜಾಲಿ, ಕಿಟಕಿಗೆ ಬಡಿಯುವ ತಂತಿಯ ಬಲೆಯೂ ಜಾಲಿ. ಒಂದು ಈ ಮಣ್ಣಿನ ಮಾತು, ಇನ್ನೊಂದು ನಿಜಾಮರ ಕಾಲದಲ್ಲಿ ಉರ್ದುವಿನ ಬೆನ್ನು ಹತ್ತಿ ಬಂದದ್ದು. ಎರಡೂ ಒಂದೇ ಅಂಗಿ ತೊಟ್ಟು ಇಷ್ಟು ವರ್ಷ ಜಗಳವಿಲ್ಲದೆ ಬಾಳಿವೆ. ಸುಡುವುದು ಎಂಬ ಮಾತೂ ಹಾಗೆಯೇ. ಮೀನನ್ನೂ ಸುಡುತ್ತೇವೆ, ಕಟ್ಟಿಗೆಯನ್ನೂ ಸುಡುತ್ತೇವೆ. ಮೊಳ ಉದ್ದ, ಗಟ್ಟಿಯಾದದ್ದು ಎಂಬ ನನ್ನ ವಿವರಣೆಯಲ್ಲಿ ಒಂದೇ ಒಂದು ಪದವಾದರೂ ಕಬ್ಬಿಣದ ಕಡೆ ವಾಲಿರಲಿಲ್ಲ.

ಸುಜಾತಾ ಬಾಗಿಲಿಗೆ ಬಂದು ನೋಡಿ, ಸೆರಗು ಬಾಯಿಗೆ ಒತ್ತಿಕೊಂಡು ಅಲ್ಲೇ ಕುಳಿತುಬಿಟ್ಟಳು. ಯಂಕಪ್ಪನಿಗೆ ಮಾತ್ರ ನಗು ಬರಲಿಲ್ಲ. "ನೀವು ಕಬ್ಬಿಣದ್ದು ಅಂತ ಒಂದ್ ಮಾತ ಅನಬೇಕಿಲ್ಲೇನ್ರಿ? ಗಬ್ಬೂರತನ ಹುಡಿಕ್ಯಾಡಿ ಒಣಗಿದ್ದು ತಂದೀನಿ," ಎಂದು ಗೊಣಗಿದ.

ಗದ್ದಲ ಕೇಳಿ ಮಾಮ ಗೋಡೆ ಹಿಡಿದುಕೊಂಡು ಹೊರಗೆ ಬಂದ. "ಏನ ತಂದೀಯೋ ಯಂಕಪ್ಪಾ?"

"ಜಾಲಿ ರೀ ಮಾಮಾ."

ನಮ್ಮ ನಗು ನಿಂತಿತು. ಅವನ ಎಡಗಣ್ಣು ನಮಗೆಲ್ಲ ಒಟ್ಟಿಗೇ ನೆನಪಾಯಿತು. ಮಾಮ ಗಾಡಿಯ ಬಳಿ ಬಂದು ಕೈ ಚಾಚಿದ. ಒಂದು ಬೊಡ್ಡೆ ಸಿಕ್ಕಿತು. ತೊಗಟೆ ಸವರಿದ, ಒಂದು ಒಣ ಮುಳ್ಳು ಹುಡುಕಿ ಅದರ ತುದಿಗೆ ಹೆಬ್ಬೆರಳು ಒತ್ತಿ ನೋಡಿದ.

"ಒಂದ್ ತಿಂದಿ," ಎಂದ ಕಟ್ಟಿಗೆಗೆ. "ಇನ್ನೊಂದಕ್ಕ ರಾಯಚೂರತನ ಹುಡಿಕ್ಕೊಂಡು ಬಂದೀ ಏನಲೇ?"

ಮಾಮ ನನ್ನ ಕಡೆ ತಿರುಗಿದ. ಅಷ್ಟು ದಿನಗಳಲ್ಲಿ ಮೊದಲ ಸಲ ಅವನ ಮುಖದಲ್ಲಿ ಹಸಿವಿನಂಥದ್ದು ಕಾಣಿಸಿತು.

"ಅಳಿಯಾ, ಇದನ್ನ ಮಾಳಗಿ ಮ್ಯಾಲ ಒಯ್ಯಿ. ಇದನ್ನ ಸುಟ್ಟು, ಇದರ ಕೆಂಡದ ಮ್ಯಾಲ ಏನ್ ಮಾಡಿಕೊಟ್ರೂ ತಿಂತೀನಿ."

ಕಟ್ಟಿಗೆ ಬಂತು, ಜಾಲಿ ಬರಲಿಲ್ಲ. ಆಗ ಸುಜಾತಾ ಒಳಗೆ ಹೋಗಿ ಮಂಚದ ಕೆಳಗಿನಿಂದ ಕಪ್ಪು ಪೆಟ್ಟಿಗೆ ಎಳೆದಳು. ಫ್ಯಾನು ಸುಟ್ಟ ದಿನವೇ ನನಗೆ ಹೇಳದೆ ತರಿಸಲು ಹಾಕಿದ್ದಳಂತೆ, ಬೆಳಿಗ್ಗೆಯೇ ಬಂದಿತ್ತು. ಗೆದ್ದವಳ ಗತ್ತಿನಲ್ಲಿ ತೆರೆದಳು. ಇಕ್ಕಳ ಇತ್ತು, ಸಲಾಕೆ ಇದ್ದವು, ಜಾಲಿ ಉಜ್ಜುವ ಬ್ರಶ್ಶು ಇತ್ತು. ಜಾಲಿ ಇರಲಿಲ್ಲ. ಚಿತ್ರದಲ್ಲಿ ಇತ್ತಂತೆ. ಚಿತ್ರದ ಕೆಳಗೆ ಇರುವೆ ಸಾಲಿನಂಥ ಅಕ್ಷರದಲ್ಲಿ, ಬಿಡಿ ಸಾಮಾನು ಮಾತ್ರ ಎಂದೂ ಇತ್ತಂತೆ. ನಾನು ಏನೂ ಹೇಳಲಿಲ್ಲ. ಹೇಳದೇ ಇರುವುದರಲ್ಲೂ ಒಂದು ಸುಖವಿದೆ.

ಬಿಸಿಲು ಇಳಿದ ಮೇಲೆ ಮಾಳಿಗೆ ಹತ್ತಿದೆವು. ಮಾಮನನ್ನು ಗಾಳಿ ಬರುವ ದಿಕ್ಕಿಗೆ, ಹೊಗೆ ತಾಗದ ಹಾಗೆ ಕುರ್ಚಿ ಹಾಕಿ ಕೂರಿಸಿದೆವು. ಜಾಲಿ ಕಟ್ಟಿಗೆ ಚಟಚಟ ಉರಿದು ಕೆಂಪಗೆ ಕೂತಿತು. ಸುಜಾತಾ ಮೀನಿಗೆ ಉಪ್ಪು ಖಾರ ಹಚ್ಚಿ ತಂದಳು.

"ಈಗ ಆ ಸೈಕಲ್ ಕಡ್ಡಿ ಜಾಲಿ ಇರಬೇಕಿತ್ತು ನೋಡು ಮಾಮಾ," ಎಂದೆ.

"ಯಾವ ಸೈಕಲ್ ಕಡ್ಡಿ?"

"ಅದೇ, ಹೊಳಿದಂಡ್ಯಾಗ ಮೀನ ಸುಡಾಕ ನೀ ಮಾಡಿದ್ದು."

"ಅದು ಕೋಳಿ ಗೂಡಿನ ಬಾಗಲಲೇ ಹುಚ್ಚಾ! ಮುಂಗಲಿ ಬಂದು ಕೋಳಿ ಹಿಡಿತದಂತ ಮಾಡಿದ್ದೆ. ಅದರ ಮ್ಯಾಲ ಯಾರಾರ ಮೀನ ಸುಡತಾರೇನು? ನಾನು ಕೆಂಡದ ಮ್ಯಾಲೇ ಇಟ್ಟು ಸುಡತಿದ್ದೆ."

ನನ್ನ ಬಾಯಲ್ಲಿನ ತುಕ್ಕಿನ ರುಚಿಯನ್ನು ಏನು ಮಾಡುವುದೆಂದು ತಿಳಿಯಲಿಲ್ಲ. ಅಷ್ಟರಲ್ಲಿ ಲಕ್ಷ್ಮಿ ಯಂಕಪ್ಪನಿಗೆ ಫೋನ್ ಮಾಡಿದಳು, ಅಪ್ಪ ಉಂಡನೋ ಇಲ್ಲವೋ ಎಂದು ಕೇಳಲು. ಯಂಕಪ್ಪ ಸ್ಪೀಕರ್ ಹಾಕಿದ. ನಾನು ಅವಳನ್ನೇ ಸಾಕ್ಷಿ ಕೇಳಿದೆ.

"ಲಕ್ಷ್ಮೀ, ನಿಮ್ಮಪ್ಪ ಮೀನ ಸುಡೋವಾಗ ಜಾಲಿ ಇಡತಿದ್ನಾ, ಕೆಂಡದ ಮ್ಯಾಲ ಇಡತಿದ್ನಾ?"

"ನಮ್ಮಪ್ಪ?" ಅವಳ ನಗು ಮಾಳಿಗೆಯ ತುಂಬ ಕೇಳಿತು. "ಭಾವಾ, ನಮ್ಮಪ್ಪ ಎಂದ ಸುಟ್ಟಾನ್ರಿ ಮೀನ? ಸುಡೋದು ನಮ್ಮವ್ವ. ಇಂವಾ ಎಲಿ ಹಾಸ್ಕೊಂಡು, ಆತೇನು ಆತೇನು ಅಂತ ಕುಂಡ್ರತಿದ್ದ."

ಮಾಮ ಕೆಂಡದ ಕಡೆ ಮುಖ ಮಾಡಿಕೊಂಡು, "ಹೌದು. ಆಕೀನೇ ಸುಡತಿದ್ಲು," ಎಂದ. "ಕೈಲೆ ತಿರುವತಿದ್ಲು."

ಅತ್ತೆ ತೀರಿಕೊಂಡು ವರ್ಷಗಳಾಗಿವೆ. ನಾನು ನನ್ನ ಚೊಕ್ಕಟ ಚಿತ್ರದೊಳಗೆ ಮತ್ತೆ ಹೋಗಿ ಹುಡುಕಿದೆ. ಹುಣಸೆ ಮರ ಇತ್ತು, ಮೂರು ಕಲ್ಲು ಇದ್ದವು, ಇಲ್ಲದ ಜಾಲಿಯೂ ಹೊಳೆಯುತ್ತ ಇತ್ತು. ಅತ್ತೆ ಮಾತ್ರ ಎಲ್ಲೂ ಇರಲಿಲ್ಲ. ಮಾಮ ತನ್ನ ನೆನಪಿನಲ್ಲಿ ಅವಳ ಜಾಗದಲ್ಲಿ ತಾನು ಕುಳಿತಿದ್ದ. ನಾನು ಕೋಳಿ ಗೂಡಿನ ಬಾಗಿಲನ್ನು ತಂದು ಇಟ್ಟಿದ್ದೆ. ಇಬ್ಬರಲ್ಲಿ ಯಾರದು ಹೆಚ್ಚು ವಿಚಿತ್ರ ಎಂದು ಈಗಲೂ ನಿರ್ಧರಿಸಲಾಗಿಲ್ಲ.

"ನನಗ ಕೈಲೆ ತಿರುವಾಕ ಬರಂಗಿಲ್ಲಪ್ಪಾ," ಎಂದು ಸುಜಾತಾ ಮೀನನ್ನು ನೇರ ಕೆಂಡದ ಮೇಲಿಟ್ಟು, ಪೆಟ್ಟಿಗೆಯ ಇಕ್ಕಳ ಒಂದು ಕೈಯಲ್ಲಿ, ಉದ್ದ ಫೋರ್ಕು ಒಂದು ಕೈಯಲ್ಲಿ ಹಿಡಿದು ಕುಳಿತಳು. ಬೂದಿ ಹಾರಿತು. ಬಾಲ ಮುರಿಯಿತು. ಎಲೆಯ ಮೇಲೆ ಬಂದದ್ದನ್ನು ಮೀನೆಂದು ವಾಸನೆಯಿಂದಷ್ಟೇ ಹೇಳಬಹುದಿತ್ತು. ಮಾಮ ಬೂದಿ ಕೊಡವಿ, ಮುಳ್ಳು ಬಿಡಿಸಿ, ಬಾಯಿಗಿಟ್ಟ. ನಾವು ನೋಡುತ್ತಿದ್ದೆವು.

"ಉಪ್ಪ ಕಮ್ಮಿ ಆತು," ಎಂದ. ಮತ್ತೆ ತಿಂದ. ರೊಟ್ಟಿ ಕೇಳಿದ, ಅದನ್ನೂ ಕೆಂಡದ ಮೇಲೆ ಬಿಸಿ ಮಾಡಿಸಿಕೊಂಡ. ಕಡ್ಡಿಯಿಂದ ಹಲ್ಲು ಕೆದರುತ್ತ ಕೆಂಡದ ಕಡೆ ತಿರುಗಿ, "ಇನ್ನೂ ಅದ ಏನು ಅದು?" ಎಂದು ಕೇಳಿದ. ಮೀನಲ್ಲ, ಜಾಲಿ. ಗಾಡಿ ತುಂಬ ಇದೆ ಎಂದೆ. "ಹಂಗಾದ್ರ ಪೂರಾ ಸುಟ್ಟ ಹೋಗತೀನಿ," ಎಂದ. ಚೀಲ ಬಾಗಿಲಿಂದ ಒಳಗೆ ಹೋಯಿತು.

ಆ ಕಟ್ಟಿಗೆ ಮುಗಿಯುವಷ್ಟರಲ್ಲಿ ಅವನ ಶುಗರು ಹದಕ್ಕೆ ಬಂದಿತ್ತು. ಆಪರೇಶನ್ ಆಯಿತು. ಅದರ ಬಗ್ಗೆ ಹೇಳುವಂಥದ್ದು ಏನಿಲ್ಲ. ಹೇಳುವಂಥದ್ದು ಏನೂ ಆಗಲಿಲ್ಲವೆಂಬುದೇ ನಮ್ಮ ಸಂತೋಷ. ಹೊಗೆಯ ಹತ್ತಿರ ಹೋಗಬೇಡ ಎಂದಿದ್ದ ಡಾಕ್ಟರು ಕೊನೆಯ ಸಲ ತಪಾಸಣೆ ಮಾಡಿ ಇನ್ನು ಚಿಂತೆಯಿಲ್ಲ ಎಂದ ದಿನ, ಊರಿಗೆ ಹೊರಡುವ ಮುಂಚೆ ಇನ್ನೊಮ್ಮೆ ಮೀನು ಸುಟ್ಟೆವು. ಈ ಸಲ ಯಂಕಪ್ಪ ಹಳೆಯ ತಪ್ಪಿನ ಮಾತು ಮತ್ತೆ ಬರದಿರಲೆಂದೇ ಕಬ್ಬಿಣದ ಜಾಲಿಯನ್ನು ಮಾಡಿಸಿ ತಂದಿದ್ದ. ವೆಲ್ಡಿಂಗ್ ಅಂಗಡಿಯವರಿಗೆ ಕಿಟಕಿಯದಷ್ಟೇ ಗೊತ್ತು. ನಡುವೆ ಕಮಲದ ಹೂ, ನಾಲ್ಕು ಮೂಲೆಗೆ ಬಳ್ಳಿ. ಮೀನಿನ ಮೈಮೇಲೆ ಕಮಲ ಅಚ್ಚೊತ್ತಿ, ಸುತ್ತ ಪೂರ್ತಿ ಕರಕಾಯಿತು.

ಮಾಮ ಎಲೆಯ ಮೇಲೆ ಬಗ್ಗಿ ನೋಡಿದ. ಬಲಗಣ್ಣು ಕಿರಿದು ಮಾಡಿ ಇನ್ನೊಮ್ಮೆ ನೋಡಿದ.

"ಇದೇನಿದು? ಮೀನಾ, ಕಿಟಕೀನಾ?"

"ಮೀನ ರಿ ಮಾಮಾ," ಎಂದಳು ಸುಜಾತಾ.

"ಅಂದೂ ಹಿಂಗ ಇತ್ತೇನು?"

"ಅಂದು ಇದಕ್ಕಿಂತ ಕರ್ರಗಿತ್ತು ರೀ."

"ಯವ್ವಾ! ಕಣ್ಣ ಕಾಣದಾವಗ ಏನೇನ ತಿನಿಸೀರಿ ನೀವು!" ಎಂದು ಅವಳ ಕೈಯಿಂದ ಫೋರ್ಕು ಕಸಿದುಕೊಂಡು, ಜೀವನದಲ್ಲಿ ಮೊದಲ ಸಲ ತಾನೇ ಮೀನು ಸುಡಲು ಕುಳಿತ. ಮೊದಲನೆಯದು ಎರಡು ತುಂಡಾಗಿ ಕೆಂಡಕ್ಕೆ ಬಿತ್ತು. ಎರಡನೆಯದನ್ನು ಬಹಳ ನಿಧಾನಕ್ಕೆ ತಿರುವಿದ. ಅದು ಮುರಿಯಲಿಲ್ಲ. ಅದನ್ನು ತಾನು ತಿನ್ನದೆ ಸುಜಾತಾಳ ಎಲೆಗೆ ಹಾಕಿದ.

ಇದಿಷ್ಟೂ ಏಣಿಯ ಮೇಲೆ ಕುಳಿತಾಗ ಬಂದದ್ದು. ಇದರಲ್ಲಿ ಎಷ್ಟು ಚೊಕ್ಕಟವಾಗಿದೆಯೋ ಅಷ್ಟನ್ನು ನೀವು ಅನುಮಾನಿಸಬಹುದು. ಫೋರ್ಕು ಮಾತ್ರ ನಿಜವಾಗಿಯೂ ಇರಲಿಲ್ಲ.

"ಮಾಮಗ ಫೋನ್ ಹಚ್ಚಿ ಕೇಳ್ರಿ," ಎಂದಳು ಸುಜಾತಾ, ಏಣಿ ಬಿಡದೆ.

ಹಚ್ಚಿದೆ. ಚೀಕಲಪರ್ವಿಯ ಗಾಳಿ ಮೊದಲು ಕೇಳಿತು, ಆಮೇಲೆ ಕುರಿಗಳು, ಆಮೇಲೆ ಮಾಮ.

"ಮಾಮಾ, ನಮ್ಮ ಫೋರ್ಕ್ ಏನಾರ ನಿನ್ನ ಚೀಲದಾಗ ಬಂದದೇನು? ಉದ್ದಂದು?"

"ಯಾವುದು, ಆ ಹಲ್ಲ ಬಿದ್ದ ತ್ರಿಶೂಲನಾ? ನನ್ನ ಕೈಯಾಗೇ ಅದ ನೋಡು."

"ಮೀನ ಸುಡಾಕತ್ತೀಯೇನು?"

"ಮೀನ ಎಲ್ಲೀದಲೇ, ಹೊಲದ ಬದುವಿನ ಮ್ಯಾಲ ಅದೀನಿ. ಎರಡೂ ಕಡಿ ಜಾಲಿ ಬೆಳದು ದಾರಿ ಮುಚ್ಚೇದ. ಇದರಲೇ ಟೊಂಗಿ ಸರಿಸಿಕೋತ ಹೊಂಟೀನಿ. ಹಿಡಿಕಿ ಉದ್ದ ಅದಲ್ಲ, ಮುಳ್ಳ ಮಾರಿತನ ಬರಂಗಿಲ್ಲ." ಟೊಂಗೆಯೊಂದು ಸರಕ್ಕನೆ ಸರಿದ ಸದ್ದು ಕೇಳಿತು. "ನಿನಗ ಬೇಕಾದ್ರ ಇನ್ನೊಂದ್ ಮಾಡ್ಕೋ. ಇಲ್ಲಾ ಬ್ಯಾಡ, ಸುಜಾತಾಗ ಹೇಳು, ಆಕಿ ಕೊಂಡ ತರತಾಳ."

ಪೆಟ್ಟಿಗೆ ಮುಚ್ಚಿ, ಇದ್ದಲ್ಲೇ ಇಟ್ಟು, ಏಣಿ ಇಳಿದೆ.